ಎಂಟು ಓವರಿನ ವಹಿ

ಭಾನುವಾರ ಮೀನು ಕೊಯ್ದು, ಕೈ ಎರಡು ಸಲ ತೊಳೆದು
ಹೊರಡುತ್ತೇನೆ ಮಾಲಾದೇವಿ ಮೈದಾನಕ್ಕೆ.
ಚೀಲದಲ್ಲಿ ಉದ್ದ ವಹಿ, ಪೆನ್ಸಿಲ್ ಎರಡು,
ಹಾಳೆ ಹಾರದಂತೆ ಬಟ್ಟೆಯ ಚಿಮಟ ನಾಲ್ಕು.
ಹನ್ನೊಂದರ ಮೇಲೆ ಕಡಲಗಾಳಿಗೆ ತಲೆ ಕೆಡುತ್ತದೆ.

ಯಾರೂ ಕರೆದಿಲ್ಲ ನನ್ನನ್ನು.
ಶಾಮಿಯಾನದಡಿ ಮೇಜು, ಮೇಜಿಗೆ ಹಸಿರು ಬಟ್ಟೆ,
ಅಲ್ಲೊಬ್ಬ ಹುಡುಗ ಮೊಬೈಲಿನಲ್ಲಿ ರನ್ನು ಒತ್ತುತ್ತಾನೆ.
ಮೈಕಿನವನು ಅರ್ಧ ಕೊಂಕಣಿ, ಅರ್ಧ ಕನ್ನಡದಲ್ಲಿ
ಬ್ಯಾಟು ಹಿಡಿದವನ ಮಾವನ ಹೆಸರಿನ ತನಕ ಕೂಗುತ್ತಾನೆ.
ನಾನು ರಸ್ತೆಬದಿಯ ಕಟ್ಟೆಯ ಮೇಲೆ,
ಲೆಗ್ ಅಂಪೈರಿನ ಬೆನ್ನ ಹಿಂದೆ.
ಮೂವತ್ತೊಂದು ವರ್ಷ. ಕಟ್ಟೆಗೆ ಎರಡು ಸಲ ಸುಣ್ಣ ಬಳಿದಿದ್ದಾರೆ.

ಅಪ್ಪ ಬೈತಖೋಲ ಬಂದರಿನಲ್ಲಿ ಟ್ಯಾಲಿ ಗುಮಾಸ್ತ.
ಮ್ಯಾಂಗನೀಸಿನ ಬುಟ್ಟಿ ಬಾರ್ಜಿಗೆ ಇಳಿದಂತೆಲ್ಲ
ನಾಲ್ಕು ಗೀಟು, ಐದನೆಯದಕ್ಕೆ ಅಡ್ಡಗೀಟು.
ರಾತ್ರಿ ಸೀನಿದರೆ ಕರವಸ್ತ್ರದಲ್ಲಿ ಕಪ್ಪು.
ಒಮ್ಮೆ ಗುತ್ತಿಗೆದಾರ ಹತ್ತು ಬುಟ್ಟಿ ಹೆಚ್ಚು ಬರೆ ಎಂದ,
ಅಪ್ಪ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ
ಸಮುದ್ರ ನೋಡುತ್ತ ನಿಂತನಂತೆ.
ರಜೆಯ ದಿನ ಇದೇ ಕಟ್ಟೆಗೆ ಕರೆತಂದು ಹೇಳಿದ:
ಕಂಡದ್ದು ಬರಿ. ಕೇಳಿದ್ದು ಬರೀಬೇಡ.
ಜನ ಕೂಗಿದರೆ ಅದು ರನ್ನಲ್ಲ.

ಈಗ ಆಡುವವರು ಬಾಡಿಗೆಯವರು.
ವಾಸ್ಕೋದ ಅಗ್ನೇಲ್, ದಿನಕ್ಕೆ ಮೂರು ಸಾವಿರ, ಬೈಕಿನ ಪೆಟ್ರೋಲು ಬೇರೆ;
ಶನಿವಾರ ಬಿಣಗಾದ ಕಡೆ, ಭಾನುವಾರ ಬಿಣಗಾದ ವಿರುದ್ಧ.
ನನ್ನ ವಹಿಯಲ್ಲಿ ಅವನಿಗೆ ಊರಿಲ್ಲ, ಬರೀ ಓವರು.
ಎಡಗೈ. ಓಡಿ ಬರುವಾಗ ಹಿಮ್ಮಡಿ ನೆಲಕ್ಕೆ ತಾಗದು.
ಹಳದಿ ಟೆನಿಸ್ ಚೆಂಡು ಅವನ ಕೈ ಬಿಟ್ಟರೆ
ಬುಟ್ಟಿಯಿಂದ ಜಾರಿದ ಬಂಗಡೆ:
ಹಿಡಿದೆ ಅನ್ನುವಷ್ಟರಲ್ಲಿ ಇರುವುದಿಲ್ಲ.
ಮೊನ್ನೆ ಒಂದೇ ಓವರಿಗೆ ಆರು ಚುಕ್ಕಿ ಇಟ್ಟೆ.
ಆರನ್ನೂ ಗೆರೆಯಿಂದ ಕೂಡಿಸಿ ಮೇಡನ್ ಎಂದು ಗುರುತಿಸುವಾಗ
ಕೈ ನಡುಗಿತು, ಸುಳ್ಳು ಯಾಕೆ.
ಸಿಕ್ಸರಿಗೆ ನಡುಗಿದ್ದಿಲ್ಲ.

ಫೈನಲ್. ಕೋಡಿಬಾಗಕ್ಕೆ ಬೇಕು ಅರವತ್ತೆರಡು.
ಆರನೆಯ ಓವರಿನಲ್ಲಿ ಶೇಂಗಾ ಗಾಡಿಯವನ ಮಗ ಇಲ್ಯಾಸ,
ಏಳು ವರ್ಷ, ಮುಂದಿನ ಹಲ್ಲಿಲ್ಲ, ವಹಿಯ ಮೇಲೆ ಬಗ್ಗಿ,
"ಆಂಟೀ, ಏನೂ ಆಗದಿದ್ದರೆ ಚುಕ್ಕಿ ಯಾಕೆ?"
ಏನೂ ಆಗಲಿಲ್ಲ ಅಂತ ಯಾರಂದರು, ಅಂದೆ.
ಒಬ್ಬ ಎಸೆದ. ಒಬ್ಬ ಕಾಲು ಮುಂದಿಟ್ಟು ತಡೆದ.
ಕೀಪರ್ ಕೂತ, ಎದ್ದ. ಅಲ್ಲೊಂದು ನಾಯಿ
ದಾಟಲೋ ಬೇಡವೋ ಎಂದು ಯೋಚಿಸಿತು.
ಇಷ್ಟೆಲ್ಲ ಬರೆಯಲು ಮನೆ ಚಿಕ್ಕದು,
ಅದಕ್ಕೇ ಚುಕ್ಕಿ
ಅನ್ನುವಷ್ಟರಲ್ಲಿ ಮೈದಾನ ಹೋ ಎಂದಿತು.
ತಲೆ ಎತ್ತಿದಾಗ ಚೆಂಡು ಬೌಲರನ ಕೈಗೆ ಮರಳಿತ್ತು.

ಪಂದ್ಯ ಮುಗಿಯುವಾಗ ಹುಡುಗನ ಮೊಬೈಲು ಸತ್ತಿತ್ತು.
ಅರವತ್ತೊಂದು, ಟೈ ಎಂದರು ಒಂದು ಕಡೆ;
ಅರವತ್ತೆರಡು ಎಂದಿತು ಡೋಲು.
ಮೊದಲ ಬಾರಿಗೆ ಎರಡೂ ಕಪ್ತಾನರು ಕಟ್ಟೆಗೆ ಬಂದರು,
ಹಿಂದೆ ಟ್ರೋಫಿ ಅಪ್ಪಿಕೊಂಡ ದಾನಿ, ಬೆವರಿದ ಸೆಂಟಿನ ವಾಸನೆ.
"ಅಕ್ಕಾ, ನಿಮ್ಮ ವಹಿ."

ಆರನೆಯ ಓವರು, ನಾಲ್ಕನೆಯ ಮನೆ
ಇಲ್ಯಾಸನ ಹಲ್ಲಿನ ಹಾಗೆ ಖಾಲಿ.
ಪೆನ್ಸಿಲು ಕೈಯಲ್ಲೇ ಇತ್ತು. ಒಂದು ಗೀಟು ಸಾಕಿತ್ತು.
"ನಾನು ನೋಡಲಿಲ್ಲ," ಅಂದೆ.
"ಇಷ್ಟು ವರ್ಷ ಬರೆದು?"
"ಹೌದು. ಇಷ್ಟು ವರ್ಷ ಬರೆದು."
ಇಲ್ಯಾಸನನ್ನೂ ಕೇಳಿದರು.
"ನಾನು ಆಂಟಿಯ ಬಾಯಿ ನೋಡ್ತಿದ್ದೆ," ಅಂದ.

ಕಡೆಗೆ ಶಾಮಿಯಾನದ ಒಳಗೆ ನಾಣ್ಯ ಚಿಮ್ಮಿದರು.
ಯಾರು ಗೆದ್ದರೆಂದು ಮೈಕಿನವನು ಹೇಳಿದ;
ಅದು ಕೇಳಿದ್ದು, ಬರೆದಿಲ್ಲ.

ಚಿಮಟ ಬಿಚ್ಚಿದೆ. ಗಾಳಿ ಹಾಳೆಗಳನ್ನು
ಹಿಂದುಹಿಂದಕ್ಕೆ ತಿರುವುತ್ತ ಹೋಗಿ
ಅಗ್ನೇಲನ ಓವರಿನಲ್ಲಿ ಒಂದಿಷ್ಟು ನಿಂತು ಮತ್ತೆ ಹೊರಟಿತು.
ಇಲ್ಯಾಸ ಪೊಟ್ಟಣದಲ್ಲಿ ಹುರಿದ ಶೇಂಗಾ ತಂದ, ದುಡ್ಡು ಬೇಡವೆಂದ.
ಸಿಪ್ಪೆ ಸಮೇತ ಎಣಿಸಿದೆ, ಅಭ್ಯಾಸ. ಹತ್ತೊಂಬತ್ತು.
ಇಪ್ಪತ್ತು, ಅಂದ ಅವನು.
ಕಟ್ಟೆಯ ಮೇಲೆ ಸುರಿದುಕೊಂಡು ಮತ್ತೆ ಎಣಿಸಿದೆವು.